ಹೆಚ್ಚು ಕೊಟ್ಟ ಹಣಕ್ಕೆ ಏನು ಬಂತು? ಟಿವಿ, ಫ್ಯಾನು ಮತ್ತು ಹತ್ತನೇ ತರಗತಿಯ ಮೂರು ಅವಧಿಗಳು

ಹತ್ತನೇ ತರಗತಿಯ ಸಮಾಜ ವಿಜ್ಞಾನದಲ್ಲಿ ‘ಗ್ರಾಹಕ ಶಿಕ್ಷಣ ಮತ್ತು ರಕ್ಷಣೆ’ ಎಂಬ ಪಾಠವಿದೆ. ಬೋಧನಾಭ್ಯಾಸದ ವೀಕ್ಷಣೆಗೆಂದು ನಾನು ಹೋದ ಶಾಲೆಗಳಲ್ಲಿ ಈ ಪಾಠ ನಡೆಯುವ ಬಗೆ ಹೆಚ್ಚುಕಡಿಮೆ ಒಂದೇ. ಮಾರ್ಚ್ 15 ವಿಶ್ವ ಗ್ರಾಹಕರ ಹಕ್ಕುಗಳ ದಿನ, ಡಿಸೆಂಬರ್ 24 ರಾಷ್ಟ್ರೀಯ ಗ್ರಾಹಕರ ದಿನ, ಗ್ರಾಹಕರ ಹಕ್ಕುಗಳು ಯಾವುವು, ದೂರು ಎಲ್ಲಿ ಸಲ್ಲಿಸಬೇಕು. ಮಕ್ಕಳು ಗಟ್ಟಿಯಾಗಿ ಒಪ್ಪಿಸುತ್ತಾರೆ, ಪ್ರಶಿಕ್ಷಣಾರ್ಥಿಯ ವೀಕ್ಷಣಾ ಪುಸ್ತಕದಲ್ಲಿ ‘ಉತ್ತಮ’ ಎಂಬ ಷರಾ ಬೀಳುತ್ತದೆ.

ಮೋಸ ಹೋದ ಮೇಲೆ ಏನು ಮಾಡಬೇಕು ಎಂಬುದು ಒಂದು ಪ್ರಶ್ನೆ. ಮೋಸವೇ ಇಲ್ಲದ, ರಸೀದಿ ಕೊಡುವ, ಕಾನೂನಿನ ಪ್ರಕಾರ ಎಲ್ಲವೂ ನೆಟ್ಟಗಿರುವ ಅಂಗಡಿಯಲ್ಲಿ 17,000 ರೂಪಾಯಿಯ ಟಿವಿ ಕೊಳ್ಳುವುದೋ 25,000 ರೂಪಾಯಿಯದನ್ನು ಕೊಳ್ಳುವುದೋ ಎಂಬುದು ಇನ್ನೊಂದು. ನಮ್ಮ ಮಕ್ಕಳ ಮನೆಗಳಲ್ಲಿ ಏಳುವುದು ಹೆಚ್ಚಾಗಿ ಎರಡನೆಯ ಪ್ರಶ್ನೆ. ಅದಕ್ಕೆ ಸಮಾಜ ವಿಜ್ಞಾನದ ಪುಸ್ತಕದಲ್ಲಿ ಉತ್ತರ ಸಿಗದು. ಅದಿರುವುದು ವಿಜ್ಞಾನ ಮತ್ತು ಗಣಿತದ ಪುಸ್ತಕಗಳಲ್ಲಿ, ಅದೂ ಬೇರೆ ಬೇರೆ ಪಾಠಗಳಲ್ಲಿ ಚದುರಿಕೊಂಡು. ಕಳೆದ ಬೋಧನಾಭ್ಯಾಸದ ಸಮಯದಲ್ಲಿ ಕಾಲೇಜಿಗೆ ಹತ್ತಿರದ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಈ ಚೂರುಗಳನ್ನು ಒಂದೆಡೆ ತಂದು ಎರಡು ಅವಧಿಗಳ ಪ್ರಾತ್ಯಕ್ಷಿಕೆ ಪಾಠ ಮಾಡಿದೆ. ಎಂಟು ಮಂದಿ ಪ್ರಶಿಕ್ಷಣಾರ್ಥಿಗಳು ಹಿಂದಿನ ಬೆಂಚಿನಲ್ಲಿ ಕುಳಿತು ವೀಕ್ಷಿಸಿದರು. ಮೂರನೆಯ ಅವಧಿಯನ್ನು ಅವರಲ್ಲೊಬ್ಬರು ತೆಗೆದುಕೊಂಡರು. ಆ ಮೂರು ಅವಧಿಗಳ ವಿವರ ಇಲ್ಲಿದೆ.

ಮೊದಲನೆಯ ಅವಧಿ: ಗೆರೆಗಳ ಹಾಳೆ

ಹಿಂದಿನ ದಿನವೇ ಮಕ್ಕಳಿಗೆ ಎರಡು ಕೆಲಸ ಕೊಟ್ಟಿದ್ದೆ. ಮನೆಗೆ ಬಂದ, ಪತ್ರಿಕೆಯೊಳಗೆ ಸಿಕ್ಕ ಟಿವಿ ಜಾಹೀರಾತಿನ ಕರಪತ್ರ ತರಬೇಕು. ಮನೆಯಲ್ಲಿ ಟಿವಿ ನೋಡುವಾಗ ಕೂರುವ ಜಾಗದಿಂದ ಪರದೆಗೆ ಎಷ್ಟು ದೂರ ಎಂದು ಅಳೆದು ಬರೆದುಕೊಂಡು ಬರಬೇಕು. ಟೇಪ್ ಇಲ್ಲದಿದ್ದರೆ ಹೆಜ್ಜೆಗಳಲ್ಲಿ ಸಾಕು. ಇಂಥ ಗೃಹಪಾಠ ಕೊಡುವಾಗ ಟಿವಿ ಇಲ್ಲದ ಮನೆಯ ಮಕ್ಕಳು ತಲೆ ತಗ್ಗಿಸುವಂತಾಗಬಾರದು. ಆದ್ದರಿಂದ ‘ಟಿವಿ ಅಥವಾ ಮೊಬೈಲ್, ಯಾವುದಾದರೂ ಒಂದು’ ಎಂದೇ ಹೇಳಿದ್ದೆ. ಮೊಬೈಲಿನದು ಕಣ್ಣಿನಿಂದ ಪರದೆಗಿರುವ ದೂರ.

ಕರಪತ್ರಗಳಲ್ಲಿ ಎಲ್ಲರ ಕಣ್ಣಿಗೆ ಬಿದ್ದದ್ದು ‘4ಕೆ’ ಎಂಬ ಅಕ್ಷರ. ಅದರ ಅರ್ಥ ಕೇಳಿದಾಗ ಒಬ್ಬ ಹುಡುಗ ‘ಕ್ಲಿಯರ್ ಆಗಿ ಕಾಣೋದು ಸರ್’ ಎಂದ. ಎಷ್ಟು ಕ್ಲಿಯರ್ ಎಂದರೆ ಉತ್ತರವಿಲ್ಲ. ಅಲ್ಲಿಂದ ಪಾಠ ಶುರು.

ಫುಲ್ ಎಚ್‌ಡಿ ಪರದೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕಿಗಳು. 4ಕೆ ಪರದೆಯಲ್ಲಿ ಅಡ್ಡಕ್ಕೆ 3840, ಉದ್ದಕ್ಕೆ 2160. ಅಂದರೆ ನಾಲ್ಕು ಪಟ್ಟು. ಈ ಚುಕ್ಕಿಗಳಿಗೆ ಪಿಕ್ಸೆಲ್ ಎನ್ನುತ್ತಾರೆ. ಟಿವಿಯ ಅಳತೆ ಎಂದು ಬರೆದಿರುವುದು ಕರ್ಣದ ಉದ್ದ. ಅಗಲ ಮತ್ತು ಎತ್ತರ 16:9ರ ಅನುಪಾತದಲ್ಲಿರುತ್ತವೆ. ಇಷ್ಟು ಕೊಟ್ಟು, ‘43 ಇಂಚಿನ ಟಿವಿಯ ಒಂದು ಚುಕ್ಕಿಯ ಅಗಲವೆಷ್ಟು?’ ಎಂದು ಕೇಳಿ ಸುಮ್ಮನೆ ನಿಂತೆ. ಪೈಥಾಗೊರಸನ ಪ್ರಮೇಯ ಪರೀಕ್ಷೆಗಲ್ಲದೆ ಬೇರೆ ಯಾವುದಕ್ಕಾದರೂ ಬಂದದ್ದು ಇದೇ ಮೊದಲು ಎಂಬಂತೆ ಒಂದಿಬ್ಬರು ಮುಖ ನೋಡಿದರು. 16ರ ವರ್ಗ 256, 9ರ ವರ್ಗ 81, ಒಟ್ಟು 337, ಅದರ ವರ್ಗಮೂಲ 18.36. ಆದ್ದರಿಂದ ಅಗಲ 43ನ್ನು 16ರಿಂದ ಗುಣಿಸಿ 18.36ರಿಂದ ಭಾಗಿಸಿದಷ್ಟು, ಸುಮಾರು 37.5 ಇಂಚು, 952 ಮಿಲಿಮೀಟರ್. 1920ರಿಂದ ಭಾಗಿಸಿದರೆ ಸುಮಾರು ಅರ್ಧ ಮಿಲಿಮೀಟರ್. 4ಕೆಯಲ್ಲಿ ಕಾಲು ಮಿಲಿಮೀಟರ್. ತನ್ನ ಮನೆಯ 32 ಇಂಚಿನ, 1366 ಚುಕ್ಕಿಗಳ ‘ಎಚ್‌ಡಿ ರೆಡಿ’ ಟಿವಿಗೆ ಲೆಕ್ಕ ಹಾಕಿದ ಹುಡುಗಿಯೊಬ್ಬಳಿಗೆ 0.52 ಮಿಲಿಮೀಟರ್ ಬಂತು. ‘ನಮ್ಮದೂ ಅವರದೂ ಚುಕ್ಕಿ ಒಂದೇ ಸೈಜು!’ ಎಂದಳು. ಪಾಠಯೋಜನೆಯಲ್ಲಿ ಇಲ್ಲದ ಸಂಗತಿ ಇದು; ನನಗೂ ಹೊಳೆದಿರಲಿಲ್ಲ.

ಇನ್ನು ಕಣ್ಣು. ‘ಮಾನವನ ಕಣ್ಣು ಮತ್ತು ವರ್ಣಮಯ ಜಗತ್ತು’ ಪಾಠದಲ್ಲಿ ಸಮೀಪದೃಷ್ಟಿ, ದೂರದೃಷ್ಟಿಗಳನ್ನು ಚಿತ್ರ ಬರೆದು ಕಲಿಸುತ್ತೇವೆ. ಆರೋಗ್ಯವಂತ ಕಣ್ಣು ಎಷ್ಟು ಸಣ್ಣದನ್ನು ಬಿಡಿಸಿ ನೋಡಬಲ್ಲದು ಎಂಬುದರತ್ತ ಹೋಗುವುದಿಲ್ಲ. ಕಣ್ಣಿನ ಆಸ್ಪತ್ರೆಯ ಗೋಡೆಯ ಮೇಲಿರುವ ಅಕ್ಷರಗಳ ಪಟ್ಟಿಯನ್ನು 1862ರಲ್ಲಿ ರೂಪಿಸಿದವನು ನೆದರ್ಲೆಂಡ್ಸಿನ ನೇತ್ರವೈದ್ಯ ಹರ್ಮನ್ ಸ್ನೆಲೆನ್. ‘ಆರು ಬೈ ಆರು’ ದೃಷ್ಟಿ ಎಂದರೆ ಅಕ್ಷರದ ಗೆರೆಯ ದಪ್ಪ ಒಂದು ಡಿಗ್ರಿಯ 60ನೇ ಒಂದು ಭಾಗದಷ್ಟು ಕೋನ ಮಾಡಿದರೂ ಅದನ್ನು ಓದಬಲ್ಲ ಕಣ್ಣು. ಆ ಕೋನವನ್ನು ಮಕ್ಕಳಿಗೆ ದಕ್ಕುವಂತೆ ಮಾಡಲು ಕಂಸದ ಉದ್ದದ ಸೂತ್ರ ಸಾಕು. ಪೂರ್ಣ ವೃತ್ತದಲ್ಲಿ ಇಂಥ 21,600 ಭಾಗಗಳಿವೆ. ಒಂದು ಭಾಗದ ಕಂಸ 1 ಮಿಲಿಮೀಟರ್ ಆಗಬೇಕಾದರೆ ಪರಿಧಿ 21,600 ಮಿಲಿಮೀಟರ್, ತ್ರಿಜ್ಯ ಸುಮಾರು 3,440 ಮಿಲಿಮೀಟರ್. ಅಂದರೆ 1 ಮಿಲಿಮೀಟರಿನ ಗೆರೆ ಮೂರೂವರೆ ಮೀಟರಿಗಿಂತ ಆಚೆ ಹೋದರೆ ಸಾಮಾನ್ಯ ಕಣ್ಣಿಗೆ ಪಕ್ಕದ ಗೆರೆಯೊಂದಿಗೆ ಕಲೆಸಿಹೋಗುತ್ತದೆ.

ಇದನ್ನು ಹಲಗೆಯ ಮೇಲೆ ಬರೆದು ಮುಗಿಸಿದರೆ ಇನ್ನೊಂದು ಬಾಯಿಪಾಠವಾಗುತ್ತದೆ. ಅದಕ್ಕೆ ಹಾಳೆಗಳನ್ನು ಮೊದಲೇ ಮುದ್ರಿಸಿಕೊಂಡು ಹೋಗಿದ್ದೆ: 1 ಮಿಲಿಮೀಟರ್ ಕಪ್ಪು, 1 ಮಿಲಿಮೀಟರ್ ಬಿಳಿ, ಅಂಗೈಯಗಲದ ಒಂದು ಚೌಕ ತುಂಬ ಗೆರೆಗಳು. ಮಕ್ಕಳನ್ನು ಇಬ್ಬಿಬ್ಬರ ಜೋಡಿ ಮಾಡಿ, ಒಳ್ಳೆಯ ಬೆಳಕಿದ್ದ ಜಗುಲಿಗೆ ಕರೆದುಕೊಂಡು ಹೋದೆ. ಒಬ್ಬರು ಹಾಳೆ ಹಿಡಿಯುವುದು, ಇನ್ನೊಬ್ಬರು ಹಿಂದೆ ಹಿಂದೆ ನಡೆಯುವುದು. ‘ಕಾಣ್ತಿದೆಯಾ?’ ಎಂದು ಕೇಳಿದರೆ ಎಲ್ಲರೂ ಜಗುಲಿಯ ಕೊನೆಯವರೆಗೂ ‘ಹೂಂ’ ಎನ್ನುತ್ತಾರೆ. ಅದಕ್ಕೆ ಹಾಳೆ ಹಿಡಿದವರು ಗೆರೆಗಳನ್ನು ಒಮ್ಮೆ ನಿಲ್ಲಿಸಿ, ಒಮ್ಮೆ ಮಲಗಿಸಿ ಹಿಡಿಯಬೇಕು. ನೋಡುವವರು ‘ನಿಂತಿದೆ’ ಅಥವಾ ‘ಮಲಗಿದೆ’ ಎನ್ನಬೇಕು. ಸತತ ಮೂರು ಸಲ ಸರಿ ಹೇಳಲಾಗುವ ಕೊನೆಯ ದೂರವನ್ನು ಟೇಪಿನಿಂದ ಅಳೆದು ಚೀಟಿಯಲ್ಲಿ ಬರೆಯಬೇಕು. ಬಹುಪಾಲು ಚೀಟಿಗಳಲ್ಲಿ 3 ಮತ್ತು 4 ಮೀಟರುಗಳ ನಡುವಿನ ಅಂಕಿ ಬಂತು. ಕೆಲವರದು ಅದಕ್ಕಿಂತ ಹೆಚ್ಚು, ಒಬ್ಬಳು 5 ಮೀಟರ್ ತಲುಪಿದಳು. ಎಳೆಯ ಕಣ್ಣುಗಳಿಗೆ ಇದು ಅಸಹಜವಲ್ಲ. ಅರ್ಧ ಮಿಲಿಮೀಟರ್ ಗೆರೆಯ ಹಾಳೆ ಕೊಟ್ಟಾಗ ದೂರ ಅರ್ಧವಾಗುತ್ತದೆಂದು ಮಕ್ಕಳೇ ಮೊದಲು ಹೇಳಿ ನಂತರ ಅಳೆದರು.

ಇಲ್ಲಿ ಪ್ರಶಿಕ್ಷಣಾರ್ಥಿಗಳಿಗೆ ಒಂದು ಎಚ್ಚರಿಕೆ. ಇದು ಟಿವಿಯ ಪರೀಕ್ಷೆಯಂತೆ ಕಂಡರೂ ನಿಜದಲ್ಲಿ ಕಣ್ಣಿನ ಪರೀಕ್ಷೆಯೇ. ಅಂಕಿಗಳನ್ನು ಹಲಗೆಯ ಮೇಲೆ ಹೆಸರು ಸಮೇತ ಬರೆಸಬೇಡಿ. ಚೀಟಿಗಳನ್ನು ಮಡಚಿ ಪೆಟ್ಟಿಗೆಗೆ ಹಾಕಿಸಿ, ಹಿಂಬದಿಯಲ್ಲಿ ಹಾಜರಿ ಸಂಖ್ಯೆ ಮಾತ್ರ ಇರಲಿ. ನಾನು ಹೀಗೆ ಮಾಡಿದ್ದರಿಂದಲೇ ಒಂದು ಚೀಟಿಯಲ್ಲಿ 1.2 ಮೀಟರ್ ಎಂದಿದ್ದುದು ನನಗೂ ತರಗತಿ ಶಿಕ್ಷಕಿಯವರಿಗೂ ಮಾತ್ರ ಗೊತ್ತಾಯಿತು. ಆ ಹುಡುಗಿಗೆ ಕನ್ನಡಕವಿರಲಿಲ್ಲ. ಮೂರನೇ ಸಾಲಿನಲ್ಲಿ ಕೂರುತ್ತಿದ್ದಳು, ಹಲಗೆಯನ್ನು ನೋಡಿ ಬರೆಯುವ ಬದಲು ಪಕ್ಕದವಳ ಪುಸ್ತಕ ನೋಡಿ ಬರೆಯುತ್ತಿದ್ದಳು. ಅದಕ್ಕೆ ‘ಕಾಪಿ ಹೊಡೀತಾಳೆ’ ಎಂಬ ದೂರೂ ಇತ್ತಂತೆ. ಮನೆಯಲ್ಲಿ ‘ಟಿವಿಗೆ ಅಂಟಿಕೊಂಡು ಕೂತು ಕಣ್ಣು ಕೆಡಿಸ್ಕೋತೀಯ’ ಎಂದು ಬೈಗುಳ. ಕಾರಣ ಮತ್ತು ಪರಿಣಾಮಗಳು ಅದಲುಬದಲಾಗಿದ್ದವು. ಮುಖ್ಯ ಶಿಕ್ಷಕರು ಪಾಲಕರನ್ನು ಕರೆಸಿ ಮಾತನಾಡಿದರು, ತಾಲ್ಲೂಕು ಆಸ್ಪತ್ರೆಯಲ್ಲಿ ಪರೀಕ್ಷೆಯಾಗಿ ಎರಡು ವಾರದೊಳಗೆ ಕನ್ನಡಕ ಬಂತು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಶಾಲೆಗೆ ಬಂದು ತಪಾಸಣೆ ಮಾಡುವುದುಂಟು. ಆ ದಿನ ಗೈರುಹಾಜರಾದ ಮಗು ಹೀಗೆ ಉಳಿದುಬಿಡುತ್ತದೆ. ಗೆರೆಗಳ ಹಾಳೆ ವೈದ್ಯರ ಬದಲಿಯಲ್ಲ. ಯಾರನ್ನು ವೈದ್ಯರ ಬಳಿ ಕಳಿಸಬೇಕು ಎಂಬುದನ್ನು ಮಾತ್ರ ಅದು ಹೇಳುತ್ತದೆ.

ಅಂಗಡಿಯಲ್ಲಿ ಕಂಡದ್ದು, ಮನೆಯಲ್ಲಿ ಕಾಣದ್ದು

ಎರಡನೆಯ ಅವಧಿಯಲ್ಲಿ ಎರಡೂ ಲೆಕ್ಕಗಳನ್ನು ಸೇರಿಸಿದೆವು. 43 ಇಂಚಿನ ಫುಲ್ ಎಚ್‌ಡಿ ಟಿವಿಯ ಅರ್ಧ ಮಿಲಿಮೀಟರ್ ಚುಕ್ಕಿ 1.7 ಮೀಟರಿನಾಚೆ ಕಣ್ಣಿಗೆ ಬಿಡಿಯಾಗಿ ಸಿಗುವುದಿಲ್ಲ. 4ಕೆ ಟಿವಿಯ ಚುಕ್ಕಿ 0.86 ಮೀಟರಿನಾಚೆ ಸಿಗುವುದಿಲ್ಲ. ಆದ್ದರಿಂದ ಚುಕ್ಕಿಗಳ ಮಟ್ಟಿಗೆ ಹೇಳುವುದಾದರೆ, 1.7 ಮೀಟರಿಗಿಂತ ಹತ್ತಿರ ಕೂತವರಿಗೆ ಮಾತ್ರ 4ಕೆಯ ಲಾಭ. ತರಗತಿಯ ಅತಿ ಚುರುಕು ಕಣ್ಣಿನ ಹುಡುಗಿಗೂ ಆ ಗಡಿ 2.5 ಮೀಟರ್. ಮಕ್ಕಳು ಮನೆಯಲ್ಲಿ ಅಳೆದು ತಂದ ದೂರಗಳು ಹೆಚ್ಚಾಗಿ 6 ಅಡಿಯಿಂದ 11 ಅಡಿ, ಅಂದರೆ 1.8ರಿಂದ 3.3 ಮೀಟರ್.

ಆಗ ಎದ್ದು ನಿಂತವನು ಸೋದರಮಾವನ ಜೊತೆ ಟಿವಿ ಕೊಳ್ಳಲು ಹೋಗಿದ್ದ ಹುಡುಗ. ‘ಸರ್, ಅಂಗಡೀಲಿ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿದ್ರು. ಡಿಫರೆನ್ಸ್ ಚೆನ್ನಾಗಿ ಗೊತ್ತಾಗ್ತಿತ್ತು. ನಾನೇ ನೋಡಿದೀನಿ.’

ಇಡೀ ಪಾಠದ ಜೀವ ಇರುವುದು ಈ ಮಾತಿನಲ್ಲಿ. ‘ನೀನು ನೋಡಿದ್ದು ತಪ್ಪು’ ಎಂದರೆ ವಿಜ್ಞಾನದ ಶಿಕ್ಷಕನೇ ವೀಕ್ಷಣೆಯನ್ನು ತಳ್ಳಿಹಾಕಿದಂತೆ. ಅವನು ನೋಡಿದ್ದು ನಿಜ. ಹಾಗಾಗಿ ಅವನನ್ನೇ ಕೇಳಿದೆ: ಅಂಗಡಿಯಲ್ಲಿ ಎಷ್ಟು ದೂರ ನಿಂತಿದ್ದೆ? ಅವನು ಎದ್ದುಬಂದು ಹಲಗೆಯ ಮುಂದೆ ನಿಂತು ತೋರಿಸಿದ. ಅಳೆದರೆ ಒಂದು ಮೀಟರಿಗೂ ಸ್ವಲ್ಪ ಕಡಿಮೆ. ಸಾಲುಸಾಲಾಗಿ ಟಿವಿ ಇಟ್ಟ ಅಂಗಡಿಯಲ್ಲಿ ಅದಕ್ಕಿಂತ ಹಿಂದೆ ಸರಿಯಲು ಜಾಗವಿರುವುದಿಲ್ಲ. ಆ ದೂರದಲ್ಲಿ ಅರ್ಧ ಮಿಲಿಮೀಟರ್ ಚುಕ್ಕಿ ಕಾಣುತ್ತದೆ, ಕಾಲು ಮಿಲಿಮೀಟರ್ ಚುಕ್ಕಿ ಬಹುತೇಕ ಕಾಣುವುದಿಲ್ಲ. ನಮ್ಮ ಲೆಕ್ಕವೂ ಅದನ್ನೇ ಹೇಳುತ್ತದೆ. ಯಾರೂ ಸುಳ್ಳು ಹೇಳಿಲ್ಲ. ಅಂಗಡಿಯವರು ತೋರಿಸಿದ ವ್ಯತ್ಯಾಸ ಇರುವಂಥದ್ದೇ, ಆದರೆ ಮನೆಯ ಮಂಚದ ತನಕ ಅದು ಬರುವುದಿಲ್ಲ. ಜೊತೆಗೆ ಅಂಗಡಿಯಲ್ಲಿ ಓಡುತ್ತಿದ್ದುದು 4ಕೆಯಲ್ಲೇ ಚಿತ್ರಿಸಿದ ವಿಡಿಯೊ, ಹೊಳಪು ಪೂರ್ತಿ ಏರಿಸಿಟ್ಟಿತ್ತು.

‘ಮನೆಯಲ್ಲಿ ಏನು ನೋಡುತ್ತೀರಿ?’ ಎಂದರೆ ಅರ್ಧ ತರಗತಿ ಡಿಡಿ ಫ್ರೀ ಡಿಶ್, ಕೇಬಲ್ ಎಂದಿತು. ಅಲ್ಲಿ ಬರುವ ವಾಹಿನಿಗಳಲ್ಲಿ ಬಹುಪಾಲು ಸಾಮಾನ್ಯ ದರ್ಜೆಯ ಪ್ರಸಾರ: 720ಕ್ಕೆ 576 ಚುಕ್ಕಿಗಳು. ಗುಣಿಸಿದರೆ 4,14,720. 4ಕೆ ಪರದೆಯಲ್ಲಿರುವುದು 82,94,400. ಸರಿಯಾಗಿ ಇಪ್ಪತ್ತು ಪಟ್ಟು. ಪ್ರತಿ ಇಪ್ಪತ್ತು ಚುಕ್ಕಿಗಳಲ್ಲಿ ಹತ್ತೊಂಬತ್ತನ್ನು ಟಿವಿಯೇ ಊಹಿಸಿ ತುಂಬಬೇಕು. ‘ಹಾಲು ಒಂದು ಲೋಟ, ನೀರು ಹತ್ತೊಂಬತ್ತು ಲೋಟ’ ಎಂದು ಯಾರೋ ಹಿಂದಿನಿಂದ ಹೇಳಿದರು. ಉಪಮೆ ಪೂರ್ತಿ ಸರಿಯಲ್ಲ (ಊಹೆಯ ಕೆಲಸವನ್ನು ಈಗಿನ ಟಿವಿಗಳು ಸಾಕಷ್ಟು ಚೆನ್ನಾಗಿಯೇ ಮಾಡುತ್ತವೆ), ಆದರೂ ತಿದ್ದಲು ಮನಸ್ಸಾಗಲಿಲ್ಲ.

ಮೊಬೈಲ್ ತಂದವರ ಲೆಕ್ಕ ಬೇಗ ಮುಗಿಯಿತು. ಆರೂವರೆ ಇಂಚಿನ, 720ಕ್ಕೆ 1600 ಚುಕ್ಕಿಗಳ ಅಗ್ಗದ ಫೋನಿನಲ್ಲಿ ಇಂಚಿಗೆ ಸುಮಾರು 270 ಚುಕ್ಕಿ. 1080ಕ್ಕೆ 2400 ಇರುವ ದುಬಾರಿಯದರಲ್ಲಿ 405. ಮೂವತ್ತು ಸೆಂಟಿಮೀಟರ್ ದೂರದಲ್ಲಿ ಕಣ್ಣಿನ ಗಡಿ ಇಂಚಿಗೆ ಸುಮಾರು 290. ಅಗ್ಗದ್ದು ಆ ಗಡಿಯ ಹೊಸ್ತಿಲಲ್ಲೇ ನಿಂತಿದೆ. ಈ ಗಡಿ ಕಂಪನಿಗಳಿಗೂ ಗೊತ್ತಿರುವಂಥದ್ದೇ. 2010ರಲ್ಲಿ ಐಫೋನ್ 4 ಅನ್ನು ಇಂಚಿಗೆ 326 ಚುಕ್ಕಿಗಳೊಂದಿಗೆ ತಂದಾಗ ಆಪಲ್‌ನ ಸ್ಟೀವ್ ಜಾಬ್ಸ್ ವೇದಿಕೆಯ ಮೇಲೆ ಹೇಳಿದ್ದೂ ಇದನ್ನೇ: ಕೈಯಳತೆಯ ದೂರದಲ್ಲಿ 300ರ ಸುಮಾರಿಗೆ ಕಣ್ಣಿನ ಸಾಮರ್ಥ್ಯ ಮುಗಿಯುತ್ತದೆ. ಪೈಪೋಟಿಯಲ್ಲಿ ಅಂಕಿಗಳು ಆ ಗಡಿಯನ್ನು ದಾಟಿ ಹೋದವು.

ಹೀಗೆ ಹೇಳುತ್ತ ಹೋದರೆ ‘ದುಬಾರಿ ಎಲ್ಲವೂ ಸುಳ್ಳು’ ಎಂಬ ಸೋಮಾರಿ ತೀರ್ಮಾನಕ್ಕೆ ಮಕ್ಕಳು ಬಂದುಬಿಡುತ್ತಾರೆ. ಅದನ್ನು ತಡೆಯುವುದು ಶಿಕ್ಷಕರ ಹೊಣೆ. 65 ಇಂಚಿನ ಪರದೆಗೆ ಇದೇ ಲೆಕ್ಕ ಹಾಕಿಸಿದೆ: ಫುಲ್ ಎಚ್‌ಡಿ ಚುಕ್ಕಿ 0.75 ಮಿಲಿಮೀಟರ್, ಗಡಿ 2.6 ಮೀಟರ್. ಎಂಟಡಿ ದೂರದಿಂದ ನೋಡುವ ಮನೆಯಲ್ಲಿ ಅಲ್ಲಿ 4ಕೆಗೆ ಅರ್ಥವಿದೆ. ದುಬಾರಿ ಟಿವಿಯಲ್ಲಿ ಚುಕ್ಕಿಗಳಲ್ಲದೆ ಬಣ್ಣ, ಕಪ್ಪಿನ ಆಳ, ಹಗಲಲ್ಲಿ ಕಿಟಕಿ ತೆರೆದಿದ್ದರೂ ಕಾಣುವ ಹೊಳಪು, ಧ್ವನಿ ಇವೂ ಉತ್ತಮವಾಗಿರಬಹುದು. ಅವು ದೂರದಿಂದಲೂ ತಿಳಿಯುತ್ತವೆ. ಕರಪತ್ರದಲ್ಲಿ ದಪ್ಪಕ್ಷರದಲ್ಲಿರುವುದು ಮಾತ್ರ ಚುಕ್ಕಿಯ ಲೆಕ್ಕ, ಏಕೆಂದರೆ ಅದನ್ನು ಒಂದು ಅಂಕಿಯಲ್ಲಿ ಹೇಳಬಹುದು.

‘ಹಾಗಾದ್ರೆ ನಮ್ಮಪ್ಪ ಮೋಸ ಹೋದ್ರಾ ಸರ್?’

ಸೋದರಮಾವನೊಂದಿಗೆ ಹೋದ ಹುಡುಗನಲ್ಲ, ಇನ್ನೊಬ್ಬ ಕೇಳಿದ. ಅವರ ಮನೆಗೆ ಯುಗಾದಿಗೆ 43 ಇಂಚಿನ 4ಕೆ ಟಿವಿ ಬಂದಿತ್ತು, ಹನ್ನೆರಡು ಕಂತುಗಳಲ್ಲಿ. ಮಂಚದಿಂದ ಟಿವಿಗೆ ಒಂಬತ್ತಡಿ. ಅವನ ದನಿಯಲ್ಲಿ ಕುತೂಹಲಕ್ಕಿಂತ ಬೇರೇನೋ ಇತ್ತು.

ಪ್ರಶಿಕ್ಷಣಾರ್ಥಿಗಳು ನಂತರದ ಚರ್ಚೆಯಲ್ಲಿ ಹೆಚ್ಚು ಹೊತ್ತು ಮಾತನಾಡಿದ್ದು ಈ ಗಳಿಗೆಯ ಬಗ್ಗೆ. ಒಬ್ಬರ ವೀಕ್ಷಣಾ ಪುಸ್ತಕದಲ್ಲಿ ನೇರವಾಗಿ ಬರೆದಿತ್ತು: ‘ಮಕ್ಕಳ ಮನಸ್ಸಿನಲ್ಲಿ ತಂದೆತಾಯಿಯ ತೀರ್ಮಾನದ ಬಗ್ಗೆ ಅನುಮಾನ ಬಿತ್ತಿದಂತಾಗುವುದಿಲ್ಲವೇ?’ ಒಳ್ಳೆಯ ಪ್ರಶ್ನೆ. ಇದೇ ಕಾರಣಕ್ಕೆ ಕೊಳ್ಳುವ ವಿಷಯವನ್ನೇ ತರಗತಿಗೆ ತರಬಾರದು ಎಂದು ನಮ್ಮ ಸಹೋದ್ಯೋಗಿಯೊಬ್ಬರು ವಾದಿಸುತ್ತಾರೆ. ನನಗೆ ಒಪ್ಪಿಗೆಯಿಲ್ಲ. ತರಗತಿಗೆ ನಾವು ತರದಿದ್ದರೂ ಜಾಹೀರಾತು ತಂದೇ ತರುತ್ತದೆ, ಅದೂ ಮಕ್ಕಳ ಮೂಲಕವೇ ತಂದೆತಾಯಿಗೆ ಮಾತು ಮುಟ್ಟಿಸುತ್ತದೆ. ಆದರೆ ಒಂದು ಗೆರೆಯನ್ನು ಎಳೆದುಕೊಳ್ಳಬೇಕು: ಶಿಕ್ಷಕ ಅಳತೆಯ ಬಗ್ಗೆ ತೀರ್ಪು ಕೊಡಬಹುದು, ಕೊಂಡವರ ಬಗ್ಗೆ ಕೊಡಬಾರದು.

ಆ ಹುಡುಗನಿಗೆ ನಾನು ಕೇಳಿದ್ದು, ಹಳೆಯ ಟಿವಿ ಯಾವುದಿತ್ತು, ಹೊಸದು ಏಕೆ ಬೇಕಾಯಿತು ಎಂದು. 21 ಇಂಚಿನ ಡಬ್ಬಿ ಟಿವಿ ಕೆಟ್ಟಿತ್ತು, ಅಜ್ಜಿಗೆ ಅದರಲ್ಲಿ ಮುಖಗಳು ಗುರುತು ಸಿಗುತ್ತಿರಲಿಲ್ಲ, ಈಗ ಸಿಗುತ್ತದೆ. ‘ಹಾಗಾದರೆ ಅಜ್ಜಿಗೆ ಸಹಾಯವಾದದ್ದು ಯಾವುದರಿಂದ? ಪರದೆ ದೊಡ್ಡದಾಗಿದ್ದರಿಂದಲೋ ಚುಕ್ಕಿ ಸಣ್ಣದಾಗಿದ್ದರಿಂದಲೋ?’ ಸ್ವಲ್ಪ ಯೋಚಿಸಿ, ‘ದೊಡ್ಡದಾಗಿದ್ದರಿಂದ’ ಎಂದ. ಅಪ್ಪ ಬಯಸಿದ್ದು ಅಜ್ಜಿಗೆ ಕಾಣಬೇಕೆಂದು, ಅದು ಸಿಕ್ಕಿದೆ. ಸಿಕ್ಕಿದ್ದಕ್ಕೆ ಎಷ್ಟು ಕೊಡಬೇಕಾಗಿತ್ತು ಎಂಬುದು ಬೇರೆ ಲೆಕ್ಕ, ಅದನ್ನು ಅವನೇ ಮಾಡಿಕೊಂಡ. ಮನೆಗೆ ಊರಲ್ಲೇ ಒಳ್ಳೆಯದು ಎಂಬಂಥ ವಸ್ತು ತರಬೇಕೆಂಬ ಆಸೆಯೂ ಒಂದು ಕಾರಣವಾಗಿದ್ದೀತು. ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಹತ್ತು ವರ್ಷ ಕಾದು ಕೊಳ್ಳುವವರಿಗೆ ‘ಅಗ್ಗದ್ದೇ ಸಾಕಿತ್ತು’ ಎಂಬ ಉಪದೇಶ, ವರ್ಷಕ್ಕೊಮ್ಮೆ ಫೋನ್ ಬದಲಿಸುವ ನಮ್ಮ ಬಾಯಲ್ಲಿ ಚೆನ್ನಾಗಿ ಕೇಳಿಸುವುದಿಲ್ಲ.

ಕಂತಿನ ವಿಷಯ ಮಾತ್ರ ಬಿಡದೆ ಹೇಳಿದೆ. ‘ಬಡ್ಡಿಯಿಲ್ಲದ ಕಂತು’ ಎಂಬುದರಲ್ಲಿ ಬಡ್ಡಿ ಬೇರೆ ವೇಷದಲ್ಲಿ, ಸೇವಾ ಶುಲ್ಕವಾಗಿಯೋ ಬಿಟ್ಟುಕೊಟ್ಟ ರಿಯಾಯಿತಿಯಾಗಿಯೋ ಸೇರಿರುತ್ತದೆ. ಶೂನ್ಯ ಬಡ್ಡಿ ಎಂಬುದು ನಿಜದಲ್ಲಿ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ತಿಳಿಸಿತ್ತು. ನಗದು ಕೊಟ್ಟರೆ ಎಷ್ಟು ಎಂದು ಅಂಗಡಿಯಲ್ಲಿ ಮೊದಲು ಕೇಳಬೇಕು, ಕಂತಿನ ಒಟ್ಟು ಮೊತ್ತದಿಂದ ಅದನ್ನು ಕಳೆಯಬೇಕು, ಅಷ್ಟೇ.

ಫ್ಯಾನಿನ ಪಾಠ ಮತ್ತು ಸೊನ್ನೆ ಬಿಲ್ಲು

ಹೆಚ್ಚು ಕೊಡುವುದೇ ಲಾಭವಾಗುವ ಉದಾಹರಣೆ ಬೇಕೆಂದು ಮೂರನೆಯ ಅವಧಿಗೆ ಫ್ಯಾನನ್ನು ಆರಿಸಿದ್ದೆವು. ‘ವಿದ್ಯುಚ್ಛಕ್ತಿ’ ಪಾಠದ ಯೂನಿಟ್ ಲೆಕ್ಕಕ್ಕೆ ಇದು ಹೇಳಿ ಮಾಡಿಸಿದಂತಿದೆ. ಪಾಠ ಮಾಡಿದವರು ಭೌತವಿಜ್ಞಾನದ ಪ್ರಶಿಕ್ಷಣಾರ್ಥಿನಿ.

ಸಾಧಾರಣ ಸೀಲಿಂಗ್ ಫ್ಯಾನು ಪೂರ್ಣ ವೇಗದಲ್ಲಿ 75 ವ್ಯಾಟ್ ಆಸುಪಾಸು ಎಳೆಯುತ್ತದೆ. ಬಿಎಲ್‌ಡಿಸಿ ಎಂದು ಮಾರುವ, ತಿರುಗುವ ಭಾಗದಲ್ಲಿ ಶಾಶ್ವತ ಆಯಸ್ಕಾಂತಗಳಿರುವ ಫ್ಯಾನು ಅಷ್ಟೇ ಗಾಳಿಗೆ 30 ವ್ಯಾಟ್ ಆಸುಪಾಸು. ಹಳೆಯದರಲ್ಲಿ ತಿರುಗುವ ಭಾಗದೊಳಗೂ ವಿದ್ಯುತ್ತನ್ನು ಪ್ರೇರಿಸಬೇಕು, ಒಂದಷ್ಟು ಶಕ್ತಿ ಅಲ್ಲೇ ಶಾಖವಾಗಿ ಹೋಗುತ್ತದೆ. ಆಯಸ್ಕಾಂತಕ್ಕೆ ಆ ಖರ್ಚಿಲ್ಲ. 2023ರ ಜನವರಿ 1ರಿಂದ ಸೀಲಿಂಗ್ ಫ್ಯಾನುಗಳಿಗೆ ನಕ್ಷತ್ರ ಗುರುತಿನ ಚೀಟಿ ಕಡ್ಡಾಯವಾಗಿದೆ. ಒಂದು ವ್ಯಾಟಿಗೆ ಎಷ್ಟು ಗಾಳಿ ಎಂಬುದೇ ಆ ನಕ್ಷತ್ರಗಳ ಆಧಾರ. ಬೆಲೆ ಒಂದು ಸುಮಾರು 1,500, ಇನ್ನೊಂದು ಸುಮಾರು 3,000. ದಿನಕ್ಕೆ 12 ಗಂಟೆ ತಿರುಗಿದರೆ ಉಳಿತಾಯ 0.54 ಯೂನಿಟ್. ವರ್ಷಕ್ಕೆ 300 ದಿನ ಎಂದರೆ 162 ಯೂನಿಟ್, ಲೆಕ್ಕಕ್ಕೆ ಯೂನಿಟಿಗೆ 6 ರೂಪಾಯಿ ಹಿಡಿದರೆ 972 ರೂಪಾಯಿ. ಹೆಚ್ಚು ಕೊಟ್ಟ 1,500 ಒಂದೂವರೆ ವರ್ಷದಲ್ಲಿ ವಾಪಸ್. ಇದು ರಾಯಚೂರು, ಕಲಬುರಗಿಯ ಮನೆಯ ಲೆಕ್ಕ. ಮಡಿಕೇರಿಯಲ್ಲಿ ದಿನಕ್ಕೆ 4 ಗಂಟೆಯಂತೆ ವರ್ಷಕ್ಕೆ ನೂರು ದಿನ ತಿರುಗಿಸುವವರಿಗೆ 108 ರೂಪಾಯಿ ಉಳಿಯುತ್ತದೆ, ಅಸಲು ಬರಲು ಹದಿನಾಲ್ಕು ವರ್ಷ.

ಇಲ್ಲಿಯವರೆಗೆ ಪಾಠಯೋಜನೆಯಂತೆ ನಡೆಯಿತು. ಆಗ ಒಬ್ಬಳು ಕೇಳಿದಳು: ‘ಮಿಸ್, ನಮ್ಮನೆಗೆ ಬಿಲ್ಲೇ ಸೊನ್ನೆ ಬರುತ್ತೆ. ಉಳಿಯೋದು ಏನು?’

2023ರ ಜುಲೈನಿಂದ ಜಾರಿಯಲ್ಲಿರುವ ಗೃಹಜ್ಯೋತಿ ಯೋಜನೆಯನ್ನು ಪಾಠಯೋಜನೆಯಲ್ಲಿ ನಾವ್ಯಾರೂ ಸೇರಿಸಿರಲಿಲ್ಲ. ಪ್ರಶಿಕ್ಷಣಾರ್ಥಿನಿ ತಡವರಿಸಲಿಲ್ಲ. ‘ಒಳ್ಳೆ ಪ್ರಶ್ನೆ. ನಾಳೆ ಎಲ್ಲರೂ ಕರೆಂಟ್ ಬಿಲ್ಲು ತನ್ನಿ’ ಎಂದು ಅಲ್ಲಿಗೇ ನಿಲ್ಲಿಸಿದರು. ಮರುದಿನ ಅರ್ಧ ಅವಧಿಯನ್ನು ಶಾಲೆಯ ವಿಜ್ಞಾನ ಶಿಕ್ಷಕರಿಂದ ಕೇಳಿ ಪಡೆದರು. ನಾನು ಕಂಡ ಒಳ್ಳೆಯ ತರಗತಿಗಳಲ್ಲಿ ಆ ಅರ್ಧ ಅವಧಿಯೂ ಒಂದು.

ಯೋಜನೆಯ ನಿಯಮ ಹೀಗಿದೆ. ಮನೆಯ ಹಿಂದಿನ ಸರಾಸರಿ ಬಳಕೆಗೆ ಸ್ವಲ್ಪ ಹೆಚ್ಚುವರಿ ಸೇರಿಸಿ ಅರ್ಹ ಯೂನಿಟ್ ನಿಗದಿಯಾಗುತ್ತದೆ. ಅದರೊಳಗಿದ್ದರೆ ಸೊನ್ನೆ. ಅದನ್ನು ಮೀರಿದರೂ 200ರೊಳಗಿದ್ದರೆ ಮೀರಿದ್ದಕ್ಕಷ್ಟೇ ಹಣ. 200 ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಹಲಗೆಯ ಮೇಲೆ ಮೂರು ಮನೆಗಳನ್ನು ಬರೆದರು. ಅರ್ಹತೆ 70, ಬಳಕೆ 60: ಹೊಸ ಫ್ಯಾನು ಹಾಕಿದರೆ ಮನೆಯವರಿಗೆ ಉಳಿತಾಯ ಸೊನ್ನೆ. ಅರ್ಹತೆ 100, ಬಳಕೆ 130: ಫ್ಯಾನು ತಿಂಗಳಿಗೆ ಉಳಿಸುವ 16 ಯೂನಿಟಿಗೆ 96 ರೂಪಾಯಿ. ಅರ್ಹತೆ 150, ಏಪ್ರಿಲ್ ತಿಂಗಳ ಬಳಕೆ 210: ಈಗ ಕಟ್ಟುವುದು 1,260, 16 ಇಳಿದು 194 ಆದರೆ ಮೀರಿದ 44 ಯೂನಿಟಿಗೆ 264. ಒಂದೇ ತಿಂಗಳಲ್ಲಿ 996 ರೂಪಾಯಿ. (ನಿಗದಿತ ಶುಲ್ಕ, ತೆರಿಗೆಗಳನ್ನು ಬಿಟ್ಟ ಲೆಕ್ಕವಿದು.) ಅದೇ ಫ್ಯಾನು, ಅದೇ 1,500 ಹೆಚ್ಚುವರಿ, ಮೂರು ಮನೆಗೆ ಮೂರು ಉತ್ತರ.

‘ಮೊದಲ್ನೇ ಮನೇಲಿ ಉಳಿದ 16 ಯೂನಿಟ್ ಯಾರಿಗೆ ಹೋಯ್ತು ಮಿಸ್?’ ಎಂಬ ಪ್ರಶ್ನೆಗೆ ತರಗತಿಯೇ ಉತ್ತರ ಹುಡುಕಿತು: ಆ ಮನೆಯ ಪರವಾಗಿ ಹಣ ಕಟ್ಟುತ್ತಿರುವ ಸರ್ಕಾರಕ್ಕೆ. ಹೆಚ್ಚು ಬೆಲೆ ಕೊಡುವವರು ಒಬ್ಬರು, ಉಳಿಸುವವರು ಇನ್ನೊಬ್ಬರು. ಹಾಗಾದರೆ ಆ ಮನೆಯವರು ಹಳೆಯ ಫ್ಯಾನನ್ನೇ ಕೊಂಡರೆ ತಪ್ಪೇನು ಎಂದು ಚರ್ಚೆ ಸಮಾಜ ವಿಜ್ಞಾನಕ್ಕೆ ಹೊರಳಿತು, ಗಂಟೆ ಬಾರಿಸಿತು.

ಫ್ಯಾನ್ ರಿಪೇರಿ ಮಾಡುವವರ ಮಗನೊಬ್ಬ ತರಗತಿಯಲ್ಲಿದ್ದ. ಮಾಮೂಲಿ ಫ್ಯಾನು ನಿಧಾನವಾದರೆ ಕಂಡೆನ್ಸರ್ ಬದಲಿಸಿದರೆ ಆಯಿತು, ಸುಟ್ಟರೆ ಕಾಯಿಲ್ ಸುತ್ತಿಕೊಡುತ್ತಾರೆ, ಬಿಎಲ್‌ಡಿಸಿಯ ಬೋರ್ಡು ಹೋದರೆ ಅಪ್ಪ ವಾಪಸ್ ಕಳಿಸುತ್ತಾರೆ ಎಂದ. ಒಂದೂವರೆ ವರ್ಷದ ಲೆಕ್ಕದ ಪಕ್ಕದಲ್ಲಿ ಪ್ರಶಿಕ್ಷಣಾರ್ಥಿನಿ ‘ವಾರಂಟಿ ಎಷ್ಟು ವರ್ಷ?’ ಎಂದು ಬರೆದರು. ಅವರ ಮೂಲ ಪಾಠಯೋಜನೆಯಲ್ಲಿ ಇಲ್ಲದ ಆ ಒಂದು ಸಾಲಿಗೆ ನಾನು ಪೂರ್ಣ ಅಂಕ ಕೊಟ್ಟೆ.

ಮೌಲ್ಯಮಾಪನಕ್ಕೆ ವ್ಯಾಖ್ಯೆ ಕೇಳಲಿಲ್ಲ. ಪ್ರತಿಯೊಬ್ಬರಿಗೂ ಒಂದು ಕರಪತ್ರ ಕೊಟ್ಟು, ಅದರಲ್ಲಿ ದಪ್ಪಕ್ಷರದಲ್ಲಿರುವ ಒಂದು ಅಂಕಿಯನ್ನು ಆರಿಸಿ, ‘ಇದು ನಮ್ಮ ಮನೆಯಲ್ಲಿ ಗೊತ್ತಾಗುತ್ತದೆಯೇ, ಗೊತ್ತುಮಾಡಿಕೊಳ್ಳಲು ಏನನ್ನು ಅಳೆಯಬೇಕು?’ ಎಂದು ಕೇಳಿದೆವು. ಹೆಡ್‌ಫೋನಿನ ಪೆಟ್ಟಿಗೆಯ ಮೇಲಿನ ‘40,000 ಹರ್ಟ್ಜ್’ ಆರಿಸಿದವಳು, ಮನುಷ್ಯರ ಕಿವಿ 20,000 ಹರ್ಟ್ಜ್‌ವರೆಗೆ ಎಂದು ಒಂಬತ್ತನೇ ತರಗತಿಯಲ್ಲಿ ಓದಿದ್ದನ್ನು ನೆನಪಿಸಿಕೊಂಡು, ‘ನಮ್ಮನೆ ನಾಯಿಗೆ ಕೊಡಿಸಬಹುದು’ ಎಂದು ಬರೆದಿದ್ದಳು.

ಗೆರೆಗಳ ಹಾಳೆಗಳು ಕಾಲೇಜಿನ ವಿಜ್ಞಾನ ಪ್ರಯೋಗಾಲಯದ ಎರಡನೇ ಬೀರುವಿನಲ್ಲಿವೆ. ಬೇಕಾದವರು ದಾಖಲೆ ಪುಸ್ತಕದಲ್ಲಿ ಸಹಿ ಮಾಡಿ ಒಯ್ಯಬಹುದು. ಅವುಗಳನ್ನು ಜೆರಾಕ್ಸ್ ಮಾಡಿಸಬೇಡಿ, ಕಪ್ಪು ಗೆರೆ ದಪ್ಪವಾಗಿ ಬಿಳಿ ಗೆರೆ ಸಣ್ಣದಾಗುತ್ತದೆ. ಹೊಸದು ಬೇಕಿದ್ದರೆ ಕಂಪ್ಯೂಟರಿನಿಂದಲೇ ನೇರ ಮುದ್ರಿಸಿ, ಹತ್ತು ಗೆರೆಗಳ ಒಟ್ಟು ಅಗಲವನ್ನು ಸ್ಕೇಲಿನಲ್ಲಿ ಒಮ್ಮೆ ಅಳೆದುಕೊಳ್ಳಿ.